ಮೇಸ್ತ್ರಿ ಮಾಡಿದ ಜಾರದ ಊರುಗೋಲು

ಆಸ್ಪತ್ರೆಗೆ ಕೊಟ್ಟಿದ್ದ ನಲವತ್ತು ಊರುಗೋಲುಗಳೂ ವಾಪಸ್ ಬಂದವು. ಒದ್ದೆ ನೆಲದಲ್ಲಿ ಕೋಲು ಜಾರಿ ಇಬ್ಬರು ರೋಗಿಗಳು ಬಿದ್ದಿದ್ದರಂತೆ. ಇಪ್ಪತ್ತು ವರ್ಷದಿಂದ ಊರುಗೋಲು ಮಾಡುವುದೇ ಕಸುಬಾಗಿದ್ದ ನಮ್ಮ ಬೀದಿಯ ಮೇಸ್ತ್ರಿ ಅಂದು ಊಟಕ್ಕೂ ಏಳಲಿಲ್ಲ.

ಪಕ್ಕದ ಮನೆಯ ನರ್ಸಮ್ಮ ಬಂದರು. "ಅಣ್ಣಾ, ವಿಶ್ವವಿದ್ಯಾಲಯದಲ್ಲಿ ತೋರಿಸಿ. ಸಣ್ಣ ವರ್ಕ್‌ಶಾಪಿನವರಿಗೆ ಅಂತಾನೇ ಅಲ್ಲೊಂದು ವಿಭಾಗ ಇದೆ. ಹೊಸದು ಮಾಡಿ ನೋಡೋ ಖರ್ಚು ಸರ್ಕಾರದ್ದು."

"ನಾನು ಓದಿದ್ದು ಏಳನೇ ಕ್ಲಾಸು. ಅವರ ಮುಂದೆ ಬಾಯಿ ಬಿಡೋಕಾಗುತ್ತಾ? ಕೊನೆಗೆ ಕೆಲಸ ನಂದು, ಹೆಸರು ಅವರದ್ದು!"

"ಹೆಸರು ಯಾರದ್ದು ಅಂತ ಮೊದಲೇ ಕಾಗದದಲ್ಲಿ ಬರೆಸ್ಕೊಳ್ಳಿ."

ಹೆಂಡತಿ ಸುಮ್ಮನಿರಲಿಲ್ಲ. "ರೀ, ಗೋಡೆ ನೋಡ್ತಾ ಕೂತ್ರೆ ಕೋಲು ಜಾರೋದು ನಿಲ್ಲುತ್ತಾ? ಏಳಿ, ನಾನೂ ಬರ್ತೀನಿ."

ವಿಶ್ವವಿದ್ಯಾಲಯದಲ್ಲಿ ಅವರಿಂದ ವಿಷಯ ಕೇಳಿದ ಪ್ರೊಫೆಸರ್ ಮೇಡಂ ಮರುದಿನವೇ ವರ್ಕ್‌ಶಾಪಿಗೆ ಬಂದರು. ನೆಲಕ್ಕೆ ಒಂದು ಚೊಂಬು ನೀರು ಸುರಿದು, ಕೋಲು ಊರಿ ತಾವೇ ನಡೆದರು. ಜಾರಿ ಬೆಂಚು ಹಿಡಿದುಕೊಂಡರು. "ಸದ್ಯ, ಸೊಂಟ ಉಳೀತು!" ಎಂದು ನಕ್ಕರು. ಮೇಸ್ತ್ರಿಯ ಅರ್ಧ ಅಳುಕು ಅಲ್ಲೇ ಕರಗಿತು.

ಪ್ರಯೋಗಾಲಯದಲ್ಲಿ ಕೋಲಿನ ತುದಿಗೆ ಹಾಕುವ ಹೊಸ ರಬ್ಬರ್ ತಯಾರಾಯಿತು. ಅದರ ಅಚ್ಚಿನ ಖರ್ಚನ್ನು ಕೈಗಾರಿಕಾ ಇಲಾಖೆ ಕೊಟ್ಟಿತು. ಯಂತ್ರದ ಪರೀಕ್ಷೆಯಲ್ಲಿ ರಬ್ಬರ್ ಗೆದ್ದಿತು. ಆದರೆ ಜನರ ಕೈಗೆ ಕೊಟ್ಟಾಗ ಮತ್ತೆ ಜಾರಿತು. ಎಲ್ಲರೂ ತಲೆ ಕೆರೆದುಕೊಂಡರು.

ಮೇಸ್ತ್ರಿ ಮೆಲ್ಲಗೆ ಹೇಳಿದರು: "ಮೇಡಂ, ನಿಮ್ಮ ಯಂತ್ರ ಕೋಲನ್ನ ನೆಟ್ಟಗೆ ಊರುತ್ತೆ. ನಡೆಯೋರು ಓರೆಯಾಗಿ ಊರ್ತಾರೆ. ರಬ್ಬರಿನ ತಳಕ್ಕಷ್ಟೇ ಅಲ್ಲ, ಅಂಚಿಗೂ ಗೆರೆ ಕೊರೀಬೇಕು, ನೀರು ಆಚೆ ಹೋಗೋಕೆ."

ಮೇಡಂ ಅವರನ್ನು ತಮ್ಮ ತರಗತಿಗೆ ಕರೆದೊಯ್ದು ಸೀಮೆಸುಣ್ಣವನ್ನು ಅವರ ಕೈಗೇ ಕೊಟ್ಟರು. "ಬರೆದು ತೋರಿಸಿ."

ಮೇಸ್ತ್ರಿ ಹಲಗೆಯ ಮೇಲೆ ಬರೆದರು. ಮೂವತ್ತು ವಿದ್ಯಾರ್ಥಿಗಳು ಅದನ್ನು ನೋಡಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಬಾಗಿಲಲ್ಲಿದ್ದ ಹೆಂಡತಿ, ಜೊತೆಗೆ ಬಂದಿದ್ದ ನರ್ಸಮ್ಮನ ತೋಳು ಜಗ್ಗಿದಳು: "ನೋಡಿ, ನಮ್ಮನೆಯವರು ಮೇಷ್ಟ್ರಾಗ್ಬಿಟ್ರು!"

ಹೊಸ ಕೋಲನ್ನು ಆಸ್ಪತ್ರೆಯವರು ಮೂರು ತಿಂಗಳು ಬಳಸಿ ನೋಡಿದರು. ಒಬ್ಬರೂ ಜಾರಲಿಲ್ಲ. ಮೊದಲೇ ಬರೆಸಿಕೊಂಡ ಒಪ್ಪಂದದಂತೆ ವಿನ್ಯಾಸ ಮೇಸ್ತ್ರಿ, ಮೇಡಂ ಇಬ್ಬರ ಹೆಸರಿನಲ್ಲಿ ನೋಂದಣಿಯಾಯಿತು; ಮೊದಲ ಹೆಸರು ಮೇಸ್ತ್ರಿಯದು. ಆ ನೋಂದಣಿ ಪತ್ರವನ್ನು ಅವರು ಹೆಂಡತಿಯಿಂದ ಎರಡು ಸಲ ಗಟ್ಟಿಯಾಗಿ ಓದಿಸಿದರು.

ನಿಮ್ಮ ಕಸುಬಿನಲ್ಲೂ ಬಗೆಹರಿಯದ ತೊಡಕೊಂದು ಇದೆಯೇ? ಅದನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ. ಕೈಗಾರಿಕಾ ಇಲಾಖೆಯಲ್ಲಿ ನೆರವು ಕೇಳಿ. ಒಪ್ಪಂದ ಓದಿಯೇ ಸಹಿ ಹಾಕಿ. ಅಲ್ಲಿನವರ ಪುಸ್ತಕದಲ್ಲಿ ಇಲ್ಲದ ಒಂದು ಮಾತು ನಿಮ್ಮ ಕೈಗೆ ಗೊತ್ತಿದೆ. ಅಂಜದೆ ಹೇಳಿ.