ಅಲುಗದ ಮೈ

ನಾಯಿಯ ಕಣ್ಣಿನ ಆಪರೇಷನ್ ಅರ್ಧಕ್ಕೆ ಬಂದಿತ್ತು. ಕಣ್ಣುಗುಡ್ಡೆ ಎಳ್ಳಷ್ಟೂ ಅಲುಗಬಾರದೆಂದು ಸ್ನಾಯುಗಳನ್ನೆಲ್ಲ ಸಡಿಲಿಸುವ ಔಷಧಿ ಕೊಟ್ಟಿದ್ದರು; ಉಸಿರನ್ನೂ ಯಂತ್ರವೇ ಆಡಿಸುತ್ತಿತ್ತು. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು ಹೊಲಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಕುಳಿತ ತಂಗಿಯದು ಮತ್ತಿನ ಜವಾಬ್ದಾರಿ. ಇಬ್ಬರೂ ಡಾಕ್ಟರು, ಆಸ್ಪತ್ರೆಯೂ ಇಬ್ಬರದೇ.

"ಅಕ್ಕಾ, ಎದೆಬಡಿತ ಏರ್ತಿದೆ."

"ಸೂಜಿ ಚುಚ್ಚಿದಾಗ ಒಂಚೂರು ಏರುತ್ತೆ ಬಿಡೇ. ಮತ್ತಿನಲ್ಲಿದ್ರೂ ಮೈ ತನ್ನ ಪಾಡಿಗೆ ತಾನು ಮಿಡುಕುತ್ತೆ."

"ಒಂಚೂರಲ್ಲ. ಬಿಪಿನೂ ಏರ್ತಿದೆ."

ಪರದೆಯ ಮೇಲಿನ ಗೆರೆ ಒತ್ತೊತ್ತಾಗಿ ಕುಣಿಯುತ್ತಿತ್ತು. ನಾಯಿ ಮಾತ್ರ ಕಲ್ಲಿನಂತೆ ಬಿದ್ದಿತ್ತು. ಸ್ನಾಯು ಸಡಿಲಿಸಿದ್ದರಿಂದ ನರಳುವುದಕ್ಕಾಗಲಿ ಕಾಲು ಝಾಡಿಸುವುದಕ್ಕಾಗಲಿ ಅದಕ್ಕೆ ದಾರಿಯೇ ಇರಲಿಲ್ಲ. ತಂಗಿ ಯಂತ್ರದತ್ತ ಬಾಗಿ ನೋಡಿದಳು. ಮತ್ತಿನ ದ್ರವ ತುಂಬುವ ಡಬ್ಬಿಯ ಗಾಜಿನ ಕಿಂಡಿಯಲ್ಲಿ ತಳ ಕಾಣುತ್ತಿತ್ತು.

"ಕೈ ತೆಗಿ ಅಕ್ಕಾ. ಮತ್ತಿನ ಔಷಧಿ ಖಾಲಿಯಾಗಿದೆ."

ಅಕ್ಕ ಹಾಗೇ ಕೈ ಮೇಲೆತ್ತಿದಳು. ತಂಗಿ ರಕ್ತನಾಳಕ್ಕೆ ಮತ್ತಿನ ಇಂಜೆಕ್ಷನ್ ಕೊಟ್ಟು, ಡಬ್ಬಿ ತುಂಬಿದಳು. ಗೆರೆ ನಿಧಾನಕ್ಕೆ ಇಳಿಯಿತು.

"ಎಚ್ಚರ ಇತ್ತಾ ಅದಕ್ಕೆ?" ಅಕ್ಕ ಕೇಳಿದಳು.

"ಯಾರಿಗೆ ಗೊತ್ತು? ಮನುಷ್ಯರಾಗಿದ್ರೆ ಆಮೇಲೆ ಕೇಳಬಹುದಿತ್ತು."

ಉಳಿದ ಹೊಲಿಗೆ ಮುಗಿಯಿತು. ಕೈ ತೊಳೆಯುವಾಗ ಅಕ್ಕ, "ನಾಯಿ ಯಜಮಾನ್ರಿಗೆ ಹೇಳಲೇಬೇಕಾ? ಕಣ್ಣಂತೂ ಉಳೀತಲ್ಲ," ಎಂದಳು.

"ನೋಡಿಕೊಳ್ಳಬೇಕಾಗಿದ್ದು ನಾನು. ನಾನೇ ಹೇಳ್ತೀನಿ."

ಹೊರಗೆ ಬೆಂಚಿನ ಮೇಲೆ ನಾಯಿಯ ಯಜಮಾನರು ಕುಳಿತಿದ್ದರು, ನಿವೃತ್ತ ಬಸ್ ಡ್ರೈವರ್. ಮನೆಯಲ್ಲಿ ತಮ್ಮ ಮಾತು ಕೇಳುವವಳು ಈ ಹೆಣ್ಣುನಾಯಿ ಒಬ್ಬಳೇ ಎಂದು ಬೆಳಿಗ್ಗೆ ನಗಿಸಿದ್ದರು. ತಂಗಿ ನಡೆದದ್ದನ್ನೆಲ್ಲ ಹೇಳಿದಳು.

"ಅಂದ್ರೆ ನೋವಾಯ್ತಾ ನಮ್ಮ ಹುಡುಗಿಗೆ?"

"ಆಗಿರಬಹುದು, ಆಗದೇನೂ ಇರಬಹುದು. ಮೈ ಬೆದರಿದ್ದು ಕಾಣಿಸ್ತು. ಒಳಗೆ ಅವಳಿಗೆ ಏನನ್ನಿಸ್ತು ಅಂತ ನೋಡೋಕೆ ನಮ್ಮ ಹತ್ರ ಏನೂ ಇಲ್ಲ."

ಅವರ ದನಿ ಗಡುಸಾಯಿತು. "ಇಲ್ಲ ಅಂತ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ತಾಯಿ?"



ಮರುವಾರ ತಪಾಸಣೆಗೆ ಬಂದ ನಾಯಿ ಬಾಗಿಲಲ್ಲೇ ನಿಂತುಬಿಟ್ಟಿತು. ಮೈಯೆಲ್ಲ ನಡುಕ.

"ಆಪರೇಷನ್‌ಗೆ ಮೊದಲೂ ಹೀಗೇ ಮಾಡೋಳು," ಎಂದರು ಡ್ರೈವರ್. ಅದರ ಬೆನ್ನು ಸವರುತ್ತಾ, "ಇಷ್ಟು ನಡುಗ್ತಿದ್ದಳೋ ಇಲ್ವೋ, ನೆನಪಾಗ್ತಿಲ್ಲ," ಎಂದರು.

ತಂಗಿ ಟಾರ್ಚ್ ಹಿಡಿದು ತಾನೇ ಬೀದಿಗಿಳಿದಳು. ಮೆಟ್ಟಿಲ ಮೇಲೆ ಕುಳಿತು, ಮುಟ್ಟದೆಯೇ ನೋಡಿದಳು. ಕಣ್ಣು ತಿಳಿಯಾಗಿತ್ತು. ನಾಯಿ ಅವಳ ಕೈ ಮೂಸಿತು, ನೆಕ್ಕಲಿಲ್ಲ. ಅದು ಹಿಂದೆ ಸರಿಯುವವರೆಗೂ ಅವಳು ಕೈಯನ್ನು ಹಾಗೇ ಚಾಚಿ ಕುಳಿತಿದ್ದಳು.