ಮೊದಲ ಸಾಲಿನ ಬಸ್ಸು

ನಾರಾಯಣಖೇಡದ ಬಸ್ಸು ಹೊಂಟಿತು, ಇಂಟರ್‌ನೆಟ್ ಅಂಗಡಿ ಬಾಗಿಲದ ಗಾಜು ಗಡಗಡ ನಡುಗಿತು, ಕಂಪ್ಯೂಟರಿನ ಬಾಜೂಕಿದ್ದ ಚಹಾದ ಮ್ಯಾಲಿನ ಕೆನಿ ಸುಕ್ಕಾಯಿತು — ಈಗ ಬರತಾವ ನೋಡು, ಕರೀದಿದ್ರೂ ಬರತಾವ ಅಂದುಕೊಂಡ ವೈಜಿನಾಥ, ಸಮ್ಮೆ ಮುಗದು ತಿಂಗಳ ಮ್ಯಾಲಾತು, ಬಸ್ಸು ಸಾಲಿ ಕಚೇರಿ ಎಲ್ಲಾ ಬಂದ್ ಮಾಡಿ ತೆಲಂಗಾಣಕ್ಕಂತ ಮಂದಿ ಬೀದಿಗಿಳಿದ ಸಮ್ಮೆ, ಈಗ ಹಾರ್ನ್ ಹೊಡಕೋತ ಜಹೀರಾಬಾದಿನ ಬಜಾರದಾಗ ಹಾದು ಹೋಗತಾವ ನಾಚಿಕಿಲ್ಲದಂಗ, ಬೆರಳು ಮಾತ್ರ ನೆಟ್ಟಿನ್ಯಾಗ ಹುಡುಕಾಕ ತಮ್ಮಷ್ಟಕ್ಕ ತಾವೇ ಒತ್ತತಿದ್ದವು, ನಾರಾಯಣಖೇಡ, ಜಹೀರಾಬಾದ, ಬಸ್ಸು, ಇವತ್ತು, ಒತ್ತಿದ್ದೇ ತಡ ಮೊದಲನೇ ಸಾಲು, ಮತ್ತ ಅದೇ, ಮತ್ತ ತನ್ನ ಪುಟದ್ದೇ — ಸಮ್ಮೆಯಾಗೂ ಬಸ್ ಅದ, ಮುಂಜಾನಿ ಏಳಕ್ಕ — ಥೂ, ಯಾವ ಕೈಲೆ ಬರದೆ ಅದನ್ನ.

ಈ ಕೈಲೇ. ತಾಂಡೂರಿನ ಸೂರ್ಯಕಾಂತ ಸಾಲಿಯಾಗ ಕೂಡಿ ಓದಿದಾಂವ, ಪರಸಿ ಕಲ್ಲಿನ ವ್ಯಾಪಾರ ಅವಂದು, ನೆಲಕ್ಕ ಹಾಸೋ ನೀಲಿ ಕಲ್ಲು, ಲೇ ವೈಜ್ಯಾ, ನೆಟ್ಟಿನ್ಯಾಗ ಪರಸಿ ಅಂತ ಹುಡುಕಿದ್ರ ನನ್ನ ಅಂಗಡಿ ಎಲ್ಲೋ ಮೂರನೇ ಪುಟದಾಗ ಬಿದ್ದದೋ, ಅಲ್ಲಿತನಕ ಯಾವಾಂವ ಬರತಾನ, ಏನರೆ ಮಾಡಿ ಮ್ಯಾಲ ಎತ್ತಪಾ, ವೈಜಿನಾಥ ನಕ್ಕಿದ್ದ, ಅದರಾಗೇನದ, ಮಂದಿ ಏನು ಕೇಳತಾರ ಅದನ್ನ ಬರೀಬೇಕು, ಅವರು ಹುಡುಕೋ ಮಾತು ನಮ್ಮ ಪುಟದಾಗ ಇರಬೇಕು, ಬಂದವರು ಬಂದಂಗ ಪುಟ ಏರಕೋತ ಹೋಗತದ — ಆವಾಗ ಮಂದಿ ಕೇಳತಿದ್ದದ್ದು ಒಂದೇ, ಸಮ್ಮೆಯಾಗ ಬಸ್ಸು ಅದೇನು, ಅದ ಅಂತ ಬರದ, ತೆಲುಗಿನ್ಯಾಗ ಬರದ, ಇಂಗ್ಲಿಷಿನ್ಯಾಗ ಬರದ, ಬಸ್‌ಸ್ಟ್ಯಾಂಡಿನ ಗ್ವಾಡಿ ಮ್ಯಾಲಿನ ಹಳೇ ಟೈಮು ಇದ್ದದ್ದು ಇದ್ದಂಗ ಇಳಿಸಿದ, ಕೆಳಗ ಸೂರ್ಯಕಾಂತನ ಪರಸಿ ಫೋಟೋ, ಅದರ ಕೆಳಗ ತನ್ನ ಹೆಸರು. ಸುಳ್ಳು ಬರದೀನಿ ಅಂತ ಅನಿಸಲೇ ಇಲ್ಲ, ಗಾಳಕ್ಕ ಎರಿಹುಳ ಸಿಗಿಸಿದಂಗ, ಹುಳಕ್ಕ ಯಾರು ಖರೆ ಸುಳ್ಳು ಕೇಳತಾರ, ವಾರದಾಗ ಪುಟ ಮ್ಯಾಲೇರಿ ಕೂತಿತು, ಸೂರ್ಯಕಾಂತ ಖುಷಿಲೆ ಪೇಡಾ ಕಳಿಸಿದ, ವೈಜಿನಾಥ ಹಾಸಿಗಿ ಹಿಡಿದ ತನ್ನ ಅವ್ವನ ಬಾಯಿಗೂ ಒಂದು ಚೂರು ಇಟ್ಟ, ನಾ ಪಹಿಲೇ ನಂಬರ್ ಬಂದೀನವ್ವ ಅಂದ, ಸಾಲಿಯಾಗ ಬರಬೇಕಿತ್ತಲ್ಲೋ ಅಂದು ನಕ್ಕಳು, ಹಲ್ಲಿಲ್ಲದ ಬಾಯಿಲೆ ಪೇಡಾ ಚೀಪಿದಳು, ಅದೇ ಕಡೀ ಸಿಹಿ.

ಅಂಗಡಿ ಹಿಂದೇ ಮನಿ, ನಡುವ ಒಂದೇ ಗ್ವಾಡಿ, ಸಮ್ಮೆ ನಡದಾಗಿನ ಒಂದು ಮುಂಜಾನಿ ಗ್ವಾಡಿ ಆಕಡಿ ಅವ್ವನ ಉಸುರು ಗೊರಗೊರ ಅನ್ನಾಕ ಹತ್ತಿತ್ತು, ಈಕಡಿ ಇವನ ಕಣ್ಣು ಪರದೆ ಮ್ಯಾಲ, ತನ್ನ ಪುಟ ಇನ್ನೂ ಮೊದಲದೊ ಎರಡನೇದೊ, ನಾರಾಯಣಖೇಡದಿಂದ ಅಕ್ಕ ಪಾರ್ವತಿಬಾಯಿದು ಫೋನು, ಮಗ ನಾಗಶೆಟ್ಟಿಯ ಫೋನಿನಿಂದ, ತಮ್ಮಾ ಅವ್ವ ಹ್ಯಾಂಗಿದ್ದಾಳೋ, ಜಲ್ದಿ ಬಾ ಅಕ್ಕಾ, ಹ್ಯಾಂಗ ಬರಲೋ, ಬಸ್ಸಾವೇನು, ಆಗ ಅಂದ, ನಾಗಶೆಟ್ಟಿಗಿ ನೆಟ್ಟಿನ್ಯಾಗ ನೋಡಂತ ಹೇಳು, ನನ್ನ ಪುಟ ಅದ, ಎಲ್ಲಕಿಂತ ಮೊದಲೇ ಬರತದ — ಬಡಾಯಿ, ಬರೇ ಬಡಾಯಿ, ಅಳಿಯ ನೋಡಲಿ, ನಮ್ಮ ಮಾಮ ಎಂಥಾಂವ ಅನ್ನಲಿ, ಬಸ್ಸಿನ ಮಾತು ತಲ್ಯಾಗ ಇದ್ದಿದ್ರ ಜೀಪ್ ಹಿಡಿ ಅನ್ನತಿದ್ದನಲ್ಲ, ಎರಡು ಶಬ್ದ, ಜೀಪ್ ಹಿಡಿ, ಬಾಯಿಗಿ ಏನು ಬಡದಿತ್ತು. ನಾಗಶೆಟ್ಟಿ ನೋಡಿದ, ಮೊದಲೇ ಬಂತವ್ವ, ಮಾಮನ ಹೆಸರೂ ಅದ ಅಂದ, ಪಾರ್ವತಿಬಾಯಿನ್ನ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕೂಡಿಸಿ ತಾನು ಹೋದ, ಅವತ್ತು ರಸ್ತೆ ಮ್ಯಾಲ ಒಲಿ ಹೂಡಿ ಅಡುಗಿ ಮಾಡೋ ಚಳವಳಿ, ಜೈ ತೆಲಂಗಾಣ ಅನ್ನೋ ಗದ್ದಲದಾಗ ಅವನ ಕಿಸೆದಾಗಿನ ಫೋನು ಹೊಡಕೊಂಡು ಹೊಡಕೊಂಡು ಸುಮ್ಮನಾತು, ಆಕಿ ಹತ್ರ ಫೋನಿಲ್ಲ, ಹೊಂಟಾಳ, ದಾರ್ಯಾಗ ಇದ್ದಾಳ ಅಂತ ಇಲ್ಲಿ ಇವ, ಪಾರೂ ಬಂದಳೇನೋ, ಬರತಾಳವ್ವ, ಪಾರೂ ಬಂದಳೇನೋ, ಬಂದಳು ಬಂದಳು — ಬಿಸಲು ನೆತ್ತಿಗಿ ಬರೂದ್ರಾಗ ಕೇಳೂದು ನಿಂತಿತು. ಜಳಕ ಮಾಡಿಸಿ, ಈಬತ್ತಿ ಹಚ್ಚಿ, ನಮ್ಮವರ ಪದ್ಧತಿಯಂಗ ಗ್ವಾಡಿಗಿ ಆನಿಸಿ ಕೂಡಿಸಿದರು, ಮಾರಿ ಬಾಗಿಲ ಕಡಿ, ಕಣ್ಣು ಪೂರಾ ಮುಚ್ಚಿದ್ದಿಲ್ಲ, ಅವ್ವ ಇನ್ನೂ ದಾರಿ ನೋಡಾಕ ಹತ್ಯಾಳ ಅಂತ ಯಾರೋ ಹೆಂಗಸು ಅತ್ತಳು, ಮಗಳು ಬರಲ್ರಿ, ಒಂಚೂರು ತಡೀರಿ ಅಂತ ಇವ ಅಯ್ಯನೋರ ಕಾಲಿಗಿ ಬಿದ್ದ, ತಡದರು ಪಾಪ, ಹೊತ್ತು ಮುಣಗಾಕ ಬಂತು, ಇನ್ನ ಎಷ್ಟು ಕೂಡಸತೀಪಾ ಆಕೀನ ಅಂದರು, ಮಣ್ಣು ಹಾಕಿದರು.

ದೀಪ ಹಚ್ಚೋ ಹೊತ್ತಿಗಿ ಅಕ್ಕ ಬಂದಳು, ಯಾರದೋ ಟ್ರ್ಯಾಕ್ಟರದಾಗ, ಸೀರಿ ತುಂಬ ಧೂಳು, ಕೈಯಾಗ ಅವ್ವಗಂತ ಮೆತ್ತಗ ಮಾಡಿದ ಜೋಳದ ಅಂಬಲಿಯ ಡಬ್ಬಿ, ಬೈತಾಳ ಅಂದುಕೊಂಡಿದ್ದ, ಬೈದಿದ್ರ ಬದುಕತಿದ್ದ, ಆಕಿ ಖಾಲಿ ಗ್ವಾಡಿ ಮುಂದ ಕೂತು ಅಂದಳು, ಜೀಪಿನಾಂವ ಕರದಾ ತಮ್ಮಾ, ಮುಂದಿನ ಸೀಟು ಖಾಲಿ ಅದ ಬಾ ಯವ್ವಾ ಅಂದ, ನಾನೇ ಕೈ ಮಾಡಿ ಕಳಿಸಿದೆ, ಆಮ್ಯಾಲ ರಸ್ತೆ ಬಂದಾತು, ನನ್ನ ಹಣಿಬರಹಪಾ. ಈಗ ಅವ್ವನ ಗದ್ದಿಗಿ ಮ್ಯಾಲ ಸೂರ್ಯಕಾಂತ ಕಳಿಸಿದ ನೀಲಿ ಪರಸಿ, ನುಣುಪ, ಕೈ ಇಟ್ರ ತಂಪು, ವೈಜಿನಾಥ ಒಮ್ಮೆ ಇಟ್ಟಾಂವ ಮತ್ತ ಇಟ್ಟಿಲ್ಲ.

ಇವತ್ತು ಮುಂಜಾನಿ ಅಕ್ಕನೇ ಫೋನ್ ಮಾಡಿದ್ದಳು, ನಾಗಶೆಟ್ಟಿ ಹೇಳಿದ, ನಿನ್ನ ಪುಟ ಇನ್ನೂ ಮೊದಲೇ ಅದ ಅಂತಲ್ಲೋ, ಅವ್ವ ಇದ್ದಿದ್ರ ಹಿಗ್ಗತಿದ್ದಳು, ಅವತ್ತೊಂದಿನ ಆ ಬಸ್ಸು ಯಾಕ ಬರಲಿಲ್ಲೋ ಏನೋ — ಬರೋ ಬಸ್ಸು ಇರಲೇ ಇಲ್ಲಕ್ಕಾ ಅಂತ ಬಾಯಿತನಕ ಬಂತು, ಹೂಂ ಅಂದ, ಬರೇ ಹೂಂ. ಆರಿದ ಚಹಾ ಸರಿಸಿ ವೈಜಿನಾಥ ಪುಟ ತೆರದ, ಸಾಲು ಅಳಿಸಿದ, ಟೈಮು ಅಳಿಸಿದ, ತನ್ನ ಹೆಸರು ಅಳಿಸಿದ, ಪೂರಾ ಪುಟನೇ ಅಳಿಸಿದ, ಮತ್ತ ಹುಡುಕಿದ, ಮೊದಲನೇ ಸಾಲು, ಅಲ್ಲೇ ಅದ, ಅಳಿಸಿದ್ರೂ ಕೆಲವು ದಿನ ಹಂಗೇ ತೋರಸತದ, ಅವನಿಗಿ ಗೊತ್ತು, ಗಿರಾಕಿಗೋಳಿಗಿ ತಾನೇ ಹೇಳಿಕೊಟ್ಟಾನ, ಗೊತ್ತಿದ್ದೂ ಮತ್ತ ಒತ್ತಿದ, ಸಮ್ಮೆಯಾಗೂ ಬಸ್ ಅದ, ಮತ್ತ ಒತ್ತಿದ, ಬಸ್ ಅದ, ಕಟ್ಟಿ ಮ್ಯಾಲ ಅಕ್ಕ, ತೊಡಿ ಮ್ಯಾಲ ಅಂಬಲಿ ಡಬ್ಬಿ, ಎದುರಿಗಿ ಜೀಪು, ಮುಂದಿನ ಸೀಟು ಖಾಲಿ, ಅಕ್ಕನ ಕೈ ಮ್ಯಾಲೇಳತದ, ಹಸರು ಬಳಿ ಕೆಳಗ ಜಾರತಾವ, ನೀ ಹೋಗಪಾ, ನಮ್ಮ ತಮ್ಮ ಬರದಾನ, ಬಸ್ಸು ಬರತದ — ಆ ಕೈ, ನೀ ಹೋಗು ಅನ್ನೋ ಆ ಕೈ —