ಮಂಗಳವಾರ, ಮೂರನೆಯ ಪೀರಿಯಡ್

ಅಡುಗೆಮನೆಯ ಗೋಡೆಕಪಾಟಿನ ಎಡಬಾಗಿಲನ್ನು ತೆರೆದಿಟ್ಟವರು ಯಾರು ಎಂಬ ಪ್ರಶ್ನೆ ಹನ್ನೊಂದನೆಯ ವಾರಕ್ಕೆ ಕಾಲಿಟ್ಟಿತ್ತು. ಸಣ್ಣ ಪ್ರಶ್ನೆಯೇನಲ್ಲ. ಇಂಥವು ಬಗೆಹರಿಯದೆ ಉಳಿದು, ಎಷ್ಟೋ ಮನೆಗಳಲ್ಲಿ ಆಸ್ತಿಯ ಜೊತೆಗೇ ಮಕ್ಕಳಿಗೆ ಪಾಲಾಗಿವೆ. ಅವನಿಗೆ ಮಕ್ಕಳಿರಲಿಲ್ಲವಾದ್ದರಿಂದ ಈ ತಲೆಮಾರಿನಲ್ಲೇ ಇತ್ಯರ್ಥವಾಗಬೇಕಿತ್ತು.

"ಅವತ್ತು ಕೊನೇಗೆ ಸಕ್ಕರೆ ಡಬ್ಬಿ ತೆಗೆದದ್ದು ಯಾರು?" ಎಂದ, ಕಪ್ಪು ಕನ್ನಡಕದೊಳಗಿನಿಂದ.

"ನಿಮ್ಮ ಟೈಮು ಇನ್ನೂ ಶುರುವಾಗಿಲ್ಲ," ಎಂದಳು ಹೆಂಡತಿ.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಟೈಮರೊಂದನ್ನು ಅಲ್ಲಿಂದ ತಂದು ಫ್ರಿಜ್ಜಿನ ಮೇಲಿಟ್ಟಿದ್ದಳು. ಇಪ್ಪತ್ತು ನಿಮಿಷ ಯೋಚನೆ, ಇಪ್ಪತ್ತು ನಿಮಿಷ ವಿಶ್ರಾಂತಿ ಎಂದು ಡಾಕ್ಟರು ಹೇಳಿದ್ದರು. ಸುಮಾರಿಗೆ ಹೇಳಿದ್ದ ಮಾತು. ಅವಳು ಸುಮಾರಿಗೆ ಏನನ್ನೂ ಮಾಡುವವಳಲ್ಲ. ಫ್ರಿಜ್ಜಿನ ಬಾಗಿಲಿಗೆ ಪಟ್ಟಿಯನ್ನೂ ಅಂಟಿಸಿದ್ದಳು: ಓದು, ಹತ್ತು ನಿಮಿಷ. ಯೋಚನೆ, ಇಪ್ಪತ್ತು. ವಾದ, ಇಲ್ಲವೇ ಇಲ್ಲ. ಕೊನೆಯದು ಡಾಕ್ಟರ ಬಾಯಿಂದ ಬಂದದ್ದೇ ಎಂಬ ಬಗ್ಗೆ ಅವನಿಗೆ ಅನುಮಾನವಿತ್ತು. ಆದರೆ ಅನುಮಾನವನ್ನು ಯೋಚನೆಯಲ್ಲಿ ಸೇರಿಸಬೇಕೋ ವಾದದಲ್ಲೋ ಗೊತ್ತಾಗದೆ ಸುಮ್ಮನಿದ್ದ.

ನಡೆದದ್ದಿಷ್ಟು. ಚಮಚ ಕೆಳಗೆ ಬಿತ್ತು. ಅವನು ಬಗ್ಗಿದ. ಬಗ್ಗಿದವನು ಬಗ್ಗಿಯೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ನೆಟ್ಟಗಾದ. ಬಾಗಿಲಿನ ಮೂಲೆ ನೆತ್ತಿಗೆ ಬಡಿಯಿತು.

ರಕ್ತ ಬರಲಿಲ್ಲ. ಊತವೂ ಎರಡು ದಿನದಲ್ಲಿ ಇಳಿಯಿತು. ಪಕ್ಕದ ಮನೆಯವರು ನೋಡಲು ಬಂದು, "ಎಷ್ಟು ಹೊಲಿಗೆ ಹಾಕಿದ್ರು?" ಎಂದು ಕೇಳಿದರು. ಒಂದೂ ಇಲ್ಲವೆಂದಾಗ "ಓ" ಎಂದು ತಂದಿದ್ದ ಹಣ್ಣಿನ ಚೀಲವನ್ನು ಸ್ವಲ್ಪ ತಡೆದೇ ಕೊಟ್ಟರು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಅವನ ತಲೆಯ ಒಳಭಾಗವನ್ನು ಬಹಳ ಹೊತ್ತು ನೋಡಿ, "ಏನೂ ಇಲ್ಲ ಇದ್ರಲ್ಲಿ," ಎಂದರು. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನಿಗೆ ಅದನ್ನು ಕೇಳಿ ಸಮಾಧಾನವಾಗಬೇಕಿತ್ತು.

"ಮಿದುಳು ಒಳಗೇ ಅಲುಗಾಡಿದೆ. ಚಿತ್ರದಲ್ಲಿ ಕಾಣ್ಸಲ್ಲ. ನಿಧಾನಕ್ಕೆ ಸರಿಹೋಗುತ್ತೆ."

"ನಿಧಾನ ಅಂದ್ರೆ ಎಷ್ಟು?"

"ದಿನ ಎಣಿಸ್ಬೇಡಿ," ಎಂದಿದ್ದರು ಡಾಕ್ಟರು. ಇವತ್ತಿಗೆ ಎಪ್ಪತ್ತಮೂರು ದಿನ.

ಬೆಳಕು ಚುಚ್ಚುತ್ತಿತ್ತು. ಎಡಗಿವಿಯಲ್ಲಿ ಯಾರೋ ಸದಾ ಕುಕ್ಕರಿನ ಸೀಟಿಯನ್ನು ಬಹಳ ದೂರದಲ್ಲಿ ಊದುತ್ತಿದ್ದರು. ಪದಗಳು ಕೈಕೊಡುತ್ತಿದ್ದವು. ನಿನ್ನೆ ಕತ್ತರಿ ಬೇಕಾಗಿ, ಹೆಸರು ಹೊಳೆಯದೆ, "ಎರಡು ಚಾಕು ಜಗಳ ಆಡ್ತಾವಲ್ಲ, ಅದು ಕೊಡು," ಎಂದಿದ್ದ. ಹೆಂಡತಿ ಕತ್ತರಿ ತಂದು ಕೊಟ್ಟಿದ್ದಳು. ನಕ್ಕಿದ್ದರೆ ಚೆನ್ನಾಗಿತ್ತು.

ಇವತ್ತು ಹನ್ನೆರಡಕ್ಕೆ ಅವನು ಪ್ರಾಂಶುಪಾಲರನ್ನು ಕಾಣಬೇಕಿತ್ತು. ಪಾಠದ ವಿಷಯಕ್ಕಲ್ಲ. ಅವನ ಪಾಠವನ್ನು ಯಾರಾದರೂ ಮಾಡಬಹುದಿತ್ತು, ಮಾಡುತ್ತಲೂ ಇದ್ದರು. ವೇಳಾಪಟ್ಟಿಯ ವಿಷಯಕ್ಕೆ.

ಹದಿನಾರು ವರ್ಷಗಳಿಂದ ಕಾಲೇಜಿನ ವೇಳಾಪಟ್ಟಿ ಹಾಕುತ್ತಿದ್ದವನು ಅವನು. ಮಂಚದ ಹಾಸಿನಷ್ಟು ದೊಡ್ಡ ಚೌಕಳಿ ಹಾಳೆಯನ್ನು ನೆಲದ ಮೇಲೆ ಹಾಸಿ, ನಲವತ್ತೆರಡು ಅಧ್ಯಾಪಕರ ಬಣ್ಣದ ಚೀಟಿಗಳನ್ನು ಹತ್ತೊಂಬತ್ತು ಕೋಣೆಗಳಿಗೆ ಹಂಚುತ್ತ ನಾಲ್ಕು ದಿನ ಮಂಡಿಯೂರಿ ಓಡಾಡುತ್ತಿದ್ದ. ಭೌತಶಾಸ್ತ್ರದವರ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಇತಿಹಾಸದ ಇಬ್ಬರಿಗೆ ಒಟ್ಟಿಗೆ ಬಿಡುವು ಸಿಕ್ಕರೆ ಸ್ಟಾಫ್ ರೂಮಿನಲ್ಲಿ ಜಗಳ ಗ್ಯಾರಂಟಿ. ಗಣಿತದವರು ಊಟದ ನಂತರ ತಪ್ಪು ಮಾಡುತ್ತಾರೆ. ಇದ್ಯಾವುದನ್ನೂ ಅವನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎಲ್ಲ ತಲೆಯಲ್ಲಿತ್ತು. "ನೀವಿಲ್ದಿದ್ರೆ ಈ ಕಾಲೇಜು ಹೇಗೆ ನಡೆಯುತ್ತೋ," ಎಂದು ಪ್ರತಿ ವರ್ಷ ಯಾರಾದರೊಬ್ಬರು ಹೇಳುತ್ತಿದ್ದರು. ಆ ಒಂದು ಮಾತಿಗಾಗಿ ಉಳಿದ ಮುನ್ನೂರ ಅರವತ್ತು ದಿನಗಳನ್ನು ತಳ್ಳುತ್ತಿದ್ದ.

ಮುಂದಿನ ವರ್ಷದ ಪಟ್ಟಿ ಯಾರು ಹಾಕುವುದೆಂದು ಇವತ್ತು ತೀರ್ಮಾನವಾಗಲಿತ್ತು.

"ಪ್ರಿನ್ಸಿಪಾಲರ ರೂಮಿಗೆ ಹೋಗೋವಾಗ ಒತ್ತಿ," ಎಂದು ಹೆಂಡತಿ ಟೈಮರನ್ನು ಅಂಗಿಯ ಜೇಬಿಗೆ ಹಾಕಿದಳು. "ಹೊಡ್ಕೊಂಡ ತಕ್ಷಣ ಎದ್ದು ಬನ್ನಿ."

"ಮಾತಿನ ಮಧ್ಯದಲ್ಲಿ?"

"ಮಧ್ಯದಲ್ಲೇ. ನಿಮ್ಮ ಮಾತಿಗೆ ಕೊನೆ ಅಂತ ಎಲ್ಲಿರುತ್ತೆ?"

ಕಾಲೇಜಿನ ಗೇಟಿನಿಂದ ಆಫೀಸಿನವರೆಗೆ ಆರು ಜನ ಸಿಕ್ಕರು. ಆರು ಜನವೂ "ತಲೆ ಹೇಗಿದೆ?" ಎಂದರು. ನೀವು ಹೇಗಿದ್ದೀರಿ ಎಂದು ಯಾರೂ ಕೇಳಲಿಲ್ಲ. ಮಹಡಿ ಮೇಲೆ ಬಾಡಿಗೆಗಿರುವ ಕಾಯಿಲೆ ಮನುಷ್ಯನ ಬಗ್ಗೆ ಮನೆ ಮಾಲೀಕನನ್ನು ವಿಚಾರಿಸಿದ ಹಾಗಿತ್ತು. "ಪರವಾಗಿಲ್ಲ, ಈಗ ಸ್ವಲ್ಪ ಮಲಗಿದೆ," ಎಂದು ಆರನೆಯವರಿಗೆ ಹೇಳಿದ. ಅವರು ಗಾಬರಿಯಿಂದ ನೋಡಿ, ಮೊಣಕೈ ಹಿಡಿದು ಮೆಟ್ಟಿಲಿನವರೆಗೆ ಬಿಟ್ಟುಹೋದರು.

ನೋಟೀಸು ಬೋರ್ಡಿನ ಮೇಲೆ ವೇಳಾಪಟ್ಟಿ ಇತ್ತು. ಕನ್ನಡಕ ತೆಗೆದ. ಅಕ್ಷರ ತನ್ನದೇ. ಆದರೆ ಈ ವರ್ಷ ತಾನು ಪಟ್ಟಿ ಹಾಕಿಲ್ಲ. ಮತ್ತೊಮ್ಮೆ ನೋಡಿದ. ಈ ಅನುಭವದ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ.

"ಸಾರ್, ಬಂದ್ರಾ? ತಲೆ ಹೇಗಿದೆ?" ಆಫೀಸಿನ ಗುಮಾಸ್ತೆ ಹಿಂದಿನಿಂದ ಬಂದು ನಿಂತಿದ್ದಳು.

"ಇದು ಯಾರು ಹಾಕಿದ್ದು?"

"ನಾನೇ ಸಾರ್. ನಿಮ್ದೇ ಹಳೇದು, ಮೂರು ವರ್ಷದ ಹಿಂದಿನದು, ಬೀರುವಿನಲ್ಲಿತ್ತು. ಅಲ್ಲಲ್ಲಿ ಬಿಳಿ ಇಂಕು ಹಚ್ಚಿ, ಮೇಲ್ಗಡೆ ವರ್ಷ ತಿದ್ದಿ, ಜೆರಾಕ್ಸ್ ಮಾಡಿಸಿದೆ. ಅರ್ಧ ಗಂಟೆ ಕೆಲಸ."

"ಅರ್ಧ ಗಂಟೆ."

"ಇಂಕು ಒಣಗೋದಕ್ಕೇ ಹೊತ್ತಾಯ್ತು ಸಾರ್, ಇಲ್ದಿದ್ರೆ ಇನ್ನೂ ಬೇಗ ಆಗ್ತಿತ್ತು."

"ಯಾರೂ ಏನೂ ಅನ್ನಲಿಲ್ವಾ?"

"ಈ ಸಲ ಚೆನ್ನಾಗಿದೆ ಅಂದ್ರು ಒಂದಿಬ್ರು."

ಅವನು ಪಟ್ಟಿಯ ಮೇಲೆ ಬೆರಳಾಡಿಸಿದ. ಚೌಕಗಳು ಈಜಾಡುತ್ತಿದ್ದವು. ಆದರೆ ಬೆರಳಿಗೆ ಅಭ್ಯಾಸವಿತ್ತು, ಒಂದು ಕಡೆ ತಾನಾಗಿ ನಿಂತಿತು. ಮಂಗಳವಾರ, ಮೂರನೆಯ ಪೀರಿಯಡ್, ಹದಿನಾಲ್ಕನೆಯ ಕೋಣೆ: ಭೂಗೋಳ. ಪಕ್ಕದಲ್ಲಿ, ಕಾಲೇಜೆಲ್ಲ ಗ್ಲೋಬು ಮೇಷ್ಟ್ರು ಎಂದು ಕರೆಯುತ್ತಿದ್ದವರ ಹೆಸರು.

ಗ್ಲೋಬು ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಗಿತ್ತು.

ಹನ್ನೊಂದು ವಾರದಲ್ಲಿ ಇಂಥ ಸಂತೋಷವಾಗಿರಲಿಲ್ಲ. ತಪ್ಪು! ಎದ್ದು ಕಾಣುವ, ಅಚ್ಚುಕಟ್ಟಾದ, ಅರ್ಧ ಗಂಟೆಯ ಕೆಲಸದಲ್ಲಿ ಮಾತ್ರ ಆಗಬಹುದಾದ ತಪ್ಪು. ತಾನು ಬೇಕು ಎಂಬುದಕ್ಕೆ ಇದಕ್ಕಿಂತ ರುಜುವಾತು ಬೇಕೆ?

"ಈ ಕ್ಲಾಸಿಗೆ ಯಾರು ಹೋಗ್ತಾರೆ?" ಎಂದ, ದನಿಯನ್ನು ತಡೆದುಕೊಂಡು.

"ಯಾರೂ ಹೋಗಲ್ಲ ಸಾರ್."

"ವಿದ್ಯಾರ್ಥಿಗಳು?"

"ಅವ್ರು ಹೋಗ್ತಾರೆ."

ಅವನು ಗಡಿಯಾರ ನೋಡಿದ. ಮಂಗಳವಾರ. ಮೂರನೆಯ ಪೀರಿಯಡ್ ಈಗಷ್ಟೇ ಶುರುವಾಗಿತ್ತು.

ಹದಿನಾಲ್ಕನೆಯ ಕೋಣೆ ಎರಡನೆಯ ಮಹಡಿಯ ತುದಿಯಲ್ಲಿ, ಕಿಟಕಿಗೆ ಎದುರಾಗಿ ಪಕ್ಕದ ಕಟ್ಟಡದ ಗೋಡೆಯಿಟ್ಟುಕೊಂಡು, ಮಂಕಾಗಿತ್ತು. ಗಲಾಟೆ ನಡೆದಿರಬೇಕು ಎಂದುಕೊಂಡು, ಆಸೆಯಿಂದಲೇ ಬಾಗಿಲು ತಳ್ಳಿದ. ಸದ್ದಿಲ್ಲ. ಮೂವತ್ತಕ್ಕಿಂತ ಹೆಚ್ಚು ಜನ ಕೂತಿದ್ದರು. ಒಬ್ಬಳು ದಪ್ಪ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಇಬ್ಬರು ಮಾತಿಲ್ಲದೆ ಚದುರಂಗ ಆಡುತ್ತಿದ್ದರು. ಒಬ್ಬ ಉಣ್ಣೆ ಹೆಣೆಯುತ್ತಿದ್ದ, ಕಾಲುಚೀಲವಿದ್ದೀತು. ಉಳಿದವರು ಎದುರಿನ ಗೋಡೆ ನೋಡುತ್ತಿದ್ದರು. ಮೇಜಿನ ಮೇಲೆ ಗ್ಲೋಬು ಮೇಷ್ಟ್ರ ಗ್ಲೋಬು ತನ್ನ ಒಂದು ಪಕ್ಕಕ್ಕೆ ಧೂಳು ಹೊದ್ದು ನಿಂತಿತ್ತು.

ಹಿಂದಿನ ಬೆಂಚಿನವಳೊಬ್ಬಳು ಪಿಸುಗುಟ್ಟಿದಳು. "ಸಾರ್, ಪಾಠಕ್ಕೆ ಬಂದ್ರಾ?"

"ಇಲ್ಲ."

"ಹಾಗಾದ್ರೆ ಕೂತ್ಕೊಳಿ." ಸರಿದು ಜಾಗ ಮಾಡಿದಳು.

"ಏನು ನಡೀತಿದೆ ಇಲ್ಲಿ?"

"ಭೂಗೋಳ ಸಾರ್."

"ಮೇಷ್ಟ್ರು ಬರಲ್ಲ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು ಸಾರ್. ಅದಕ್ಕೇ ಬರೋದು." ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. "ಮೆತ್ತಗೆ. ಅವ್ಳು ಮಲ್ಗಿದಾಳೆ."

ಅವನು ಕೂತ. ಎದ್ದು ಹೋಗಬೇಕೆಂದೇ ಕೂತದ್ದು. ಹಾಜರಿಯ ಹಾಳೆಯೊಂದು ಬೆಂಚಿನಿಂದ ಬೆಂಚಿಗೆ ಬಂತು. ತಾವೇ ಗೆರೆ ಎಳೆದು ಮಾಡಿಕೊಂಡದ್ದು. ಯಾರಿಗೆ ಕೊಡುತ್ತಾರೋ. ಅವನೂ ಸಹಿ ಹಾಕಿ ಮುಂದಕ್ಕೆ ದಾಟಿಸಿದ. ಆಮೇಲೆ ಗೋಡೆ ನೋಡಿದ. ಒಳ್ಳೆಯ ಗೋಡೆ. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ.

ಗಂಟೆ ಹೊಡೆದಾಗಲೇ ತಿಳಿದದ್ದು, ಎಡಗಿವಿಯ ಸೀಟಿ ನಿಂತಿತ್ತು. ಯಾವಾಗ ನಿಂತಿತೋ. ಮುಕ್ಕಾಲು ಗಂಟೆ ತನಗೊಂದು ತಲೆಯಿದೆಯೆಂಬುದೇ ಮರೆತುಹೋಗಿತ್ತು.

"ಮುಂದಿನ ವಾರ ಬರ್ತೀರಾ ಸಾರ್?" ಎಂದಳು ಹುಡುಗಿ.

"ನೋಡೋಣ," ಎಂದ. ಬರಬೇಕೆಂದು ಇಷ್ಟೊಂದು ಆಸೆಯಾದದ್ದಕ್ಕೆ ನಾಚಿಕೆಯಾಯಿತು.

ಪ್ರಾಂಶುಪಾಲರ ಬಾಗಿಲಲ್ಲಿ ಟೈಮರ್ ಒತ್ತಿದ. ಅವರು ಕಾಗದಗಳ ಅಂಚನ್ನು ಮೇಜಿಗೆ ಕುಟ್ಟಿ ಕುಟ್ಟಿ ಸಮ ಮಾಡುತ್ತಿದ್ದರು. ಪ್ರತಿ ಕುಟ್ಟೂ ಅವನ ನೆತ್ತಿಗೆ ತಾಕಿತು.

"ಬನ್ನಿ ಬನ್ನಿ. ತಲೆ ಹೇಗಿದೆ?"

"ಪರವಾಗಿಲ್ಲ ಸಾರ್. ವೇಳಾಪಟ್ಟಿ ವಿಷಯ..."

"ಅದರ ಯೋಚ್ನೆ ಬಿಡಿ. ನಡೀತಾ ಇದೆಯಲ್ಲ."

"ನಡೀತಾ ಇದೆ."

"ಮತ್ತೇನು? ಆರಾಮವಾಗಿರಿ. ನಿಮ್ಮ ಜಾಗ ಎಲ್ಲೂ ಹೋಗಲ್ಲ." ಮತ್ತೆ ಕುಟ್ಟಿದರು. "ಯಾರೂ ಏನೂ ಅಂದಿಲ್ಲ. ಒಂದು ತಪ್ಪಿಲ್ಲ."

ಹೇಳದೆ ಎದ್ದರೆ ಮುಂದಿನ ಮಂಗಳವಾರ ಆ ಬೆಂಚು ಇರುತ್ತದೆ, ಗೋಡೆ ಇರುತ್ತದೆ, ಆ ಮುಕ್ಕಾಲು ಗಂಟೆ ಇರುತ್ತದೆ. ಹೇಳಿದರೆ ಪಟ್ಟಿ ಸಿಗಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇದನ್ನು ತೂಗಿ ನೋಡಲು ಇನ್ನೂ ಹದಿನೇಳು ನಿಮಿಷವಿತ್ತು. ಆದರೆ ಒಂದು ತಪ್ಪಿಲ್ಲ ಎಂದುಬಿಟ್ಟಿದ್ದರಲ್ಲ.

"ಒಂದಿದೆ ಸಾರ್," ಎಂದ.

ಹೇಳಿದ. ದಿನ, ಪೀರಿಯಡ್, ಕೋಣೆಯ ನಂಬರು, ಗ್ಲೋಬು ಮೇಷ್ಟ್ರು ನಿವೃತ್ತರಾದ ತಾರೀಕು, ಒಂದಾದ ಮೇಲೊಂದರಂತೆ. ಒಂದು ಪದವೂ ಕೈಕೊಡಲಿಲ್ಲ. ಮಲಗಿದ್ದ ಹುಡುಗಿಯ ವಿಷಯ ಮಾತ್ರ ಬಿಟ್ಟ. ಅದೊಂದು ಮರ್ಯಾದೆ ಉಳಿಸಿಕೊಂಡ.

ಪ್ರಾಂಶುಪಾಲರು ಗುಮಾಸ್ತೆಯನ್ನು ಕರೆಸಿದರು. "ಏನಮ್ಮಾ ಇದು?"

"ಗೊತ್ತು ಸಾರ್. ಆಮೇಲೆ ನೋಡ್ದೆ. ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ, ಬಿಟ್ಟೆ. ಹಾಜರಿ ನೂರಕ್ಕೆ ನೂರಿದೆ."

"ನೂರಕ್ಕೆ ನೂರಾ?" ಪ್ರಾಂಶುಪಾಲರಿಗೆ ಒಂದು ಕ್ಷಣ ಮೆಚ್ಚುಗೆಯಾಯಿತು. ಆಮೇಲೆ ನೆನಪಿಸಿಕೊಂಡು ಗಂಭೀರವಾದರು. "ಇಲ್ಲ ಇಲ್ಲ, ಸರಿ ಮಾಡ್ಬೇಕು. ಇವ್ರು ಹೇಳಿದ್ದು ಒಳ್ಳೇದಾಯ್ತು." ಅವನ ಕಡೆ ತಿರುಗಿದರು. ಮುಖ ಬೆಳಗಿತು. "ನೋಡಿ, ಒಂದು ಕೆಲ್ಸ ಮಾಡೋಣ. ಆ ಪೀರಿಯಡ್ಡು ನೀವೇ ತಗೊಳ್ಳಿ."

"ನಾನಾ? ಭೂಗೋಳ?"

"ಪಾಠ ಯಾರು ಮಾಡಿ ಅಂದ್ರು? ಸುಮ್ನೆ ಕೂತಿರಿ. ವಾರಕ್ಕೊಂದು. ನಿಮ್ಗೂ ಮನೆಯಿಂದ ಹೊರಗೆ ಬಂದ ಹಾಗಾಗುತ್ತೆ, ಪಟ್ಟೀಲಿ ಒಂದು ಹೆಸರೂ ಇದ್ದ ಹಾಗಾಗುತ್ತೆ."

"ಮುಂದಿನ ವರ್ಷದ ಪಟ್ಟಿ..."

"ಅದು ಈಯಮ್ಮ ನೋಡ್ಕೋತಾರೆ. ಅರ್ಧ ಗಂಟೆ ಕೆಲ್ಸ ಅಂತೆ."

ಜೇಬಿನಲ್ಲಿ ಟೈಮರ್ ಕೀಚತೊಡಗಿತು. ಗುಮಾಸ್ತೆ ಬೆಚ್ಚಿದಳು. "ಸಾರ್, ಯಾರದೋ ಫೋನು."

"ನಂದೇ," ಎಂದು ಎದ್ದ. "ಯೋಚನೆ ಮುಗೀತು."

ಗುಮಾಸ್ತೆ ಬೋರ್ಡಿನ ಹತ್ತಿರವೇ ನಿಂತು ಕೆಲಸ ಮುಗಿಸಿದಳು. ಗ್ಲೋಬು ಮೇಷ್ಟ್ರ ಚೌಕದೊಳಗೆ ಬಿಳಿ ಇಂಕು ಹಚ್ಚಿ, ಬಾಯಿಂದ ಊದಿ ಆರಿಸಿ, ಮೇಲೆ ಅವನ ಹೆಸರು ಬರೆದಳು. ಇಂಕು ತೆಳುವಾಗಿತ್ತು. ಅವನ ಹೆಸರಿನ ಅಡಿಯಿಂದ ಹಳೆಯದು ಇನ್ನೂ ಕಾಣುತ್ತಿತ್ತು.

"ಎರಡು ನಿಮಿಷ ಸಾರ್, ನೋಡಿ," ಎಂದಳು.

ಸಂಜೆ ಹೆಂಡತಿ ಲ್ಯಾಬಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಏನಂದ್ರು?"

"ವಾರಕ್ಕೊಂದು ಪೀರಿಯಡ್ ಕೊಟ್ಟಿದಾರೆ."

"ಏನು ಪಾಠ?"

"ಪಾಠ ಇಲ್ಲ. ಸುಮ್ನೆ ಕೂತಿರ್ಬೇಕು."

"ಅದು ನಿಮ್ಮ ಕೈಲಿ ಆಗೋ ಕೆಲ್ಸ ಅಲ್ಲ," ಎಂದಳು. ಅವನು ನಗಲಿಲ್ಲ. ಅವಳು ಬಂದು ಅವನ ಮುಖ ನೋಡಿದಳು. ಅವನ ಕನ್ನಡಕ ತೆಗೆದು ನೋಡಿದಳು. ಮತ್ತೆ ಹಾಕಿದಳು. "ಪಟ್ಟಿ?"

"ಅರ್ಧ ಗಂಟೆ ಕೆಲ್ಸ ಅಂತೆ."

ಅವಳು ಅಡುಗೆಮನೆಗೆ ಹೋಗಿ ಕಪಾಟು ತೆರೆದ ಸದ್ದಾಯಿತು. ಸಕ್ಕರೆ ಡಬ್ಬಿಯ ಸದ್ದಾಯಿತು. ಅಲ್ಲಿಂದಲೇ ಹೇಳಿದಳು. "ಅವತ್ತು ಬಾಗಿಲು ನಾನೇ ತೆಗ್ದಿಟ್ಟಿದ್ದು."

ಹನ್ನೊಂದು ವಾರದ ವಾದ. ಅವನು ಎದುರು ನೋಡುತ್ತಿದ್ದದ್ದು ಇದೊಂದೇ ವಾಕ್ಯ. ಆದರೆ ಅದನ್ನು ಅವಳು ಹೇಳಿದ ದನಿ, ಪ್ರಾಂಶುಪಾಲರು ಪೀರಿಯಡ್ ಕೊಟ್ಟ ದನಿಯೇ.

"ನಿಜವಾಗ್ಲೂ?" ಎಂದ.

"ನೀವೇ ತೆಗ್ದಿಟ್ಟಿದ್ದು ಅಂದ್ಕೊಂಡ್ರೆ ನೀವೇ. ಕಾಫಿ ತಣ್ಣಗಾಗುತ್ತೆ, ಬನ್ನಿ."

ಮುಂದಿನ ಮಂಗಳವಾರ ಅವನು ಐದು ನಿಮಿಷ ಮೊದಲೇ ಹದಿನಾಲ್ಕನೆಯ ಕೋಣೆಗೆ ಹೋದ. ಹಿಂದಿನ ಬೆಂಚಿನಲ್ಲಿ ಕೂರಹೋಗಿ, ಪಟ್ಟಿಯಲ್ಲಿ ಹೆಸರಿರುವುದು ನೆನಪಾಗಿ, ಮುಂದೆ ಬಂದು ಕುರ್ಚಿಯಲ್ಲಿ ಕೂತ. ಟೈಮರನ್ನು ಗ್ಲೋಬಿನ ಪಕ್ಕದಲ್ಲಿಟ್ಟ. ಆಫೀಸಿನವರು ಕೊಟ್ಟ ಹೊಸ ಹಾಜರಿ ಪುಸ್ತಕ ತೆರೆದ. ಗಂಟೆ ಹೊಡೆಯಿತು. ಎಡಗಿವಿಯಲ್ಲಿ ಸೀಟಿ ಕೇಳುತ್ತಿತ್ತು.

ಯಾರೂ ಬರಲಿಲ್ಲ.